ದೀಪದ ಹೊತ್ತಿನ ಜಾಡಿ

ಹೆತ್ತೂರು
18 ಆಗಸ್ಟ್ 2024, ಭಾನುವಾರ

ಪ್ರೀತಿಯ ಸೆಲಿನ್,

ಐದು ವರ್ಷದ ಮೇಲೆ ನಿನ್ನ ಅಕ್ಷರ ನೋಡಿದೆ. ಲಕೋಟೆಯ ಮೇಲೆ ನನ್ನ ಹೆಸರಿನ ಕೊನೆಯ ದೀರ್ಘವನ್ನು ಈಗಲೂ ಅಂಚಿನವರೆಗೆ ಎಳೆಯುತ್ತೀಯ. ಟಪಾಲು ತಂದ, ತೋಟದ ಲೆಕ್ಕ ಬರೆಯುವ ರೈಟರ್ ಲಿಂಗಪ್ಪ, "ಚಿಕ್ಕಮಗಳೂರಿಂದ ಕಣ್ರಮ್ಮಾ, ಕೈಬರಹದ್ದು! ಈ ಕಾಲ್ದಲ್ಲೂ ಬರೀತಾರಾ?" ಎಂದ. ಪತ್ರವೇ ಒಳ್ಳೆಯದಾಯಿತು. ಈ ಗುಡ್ಡದಲ್ಲಿ ಫೋನು ಕೇಳಿಸುವುದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ. ಅಲ್ಲಿ ನಿಂತು ಮಾತಾಡಿದರೆ ಇಡೀ ಎಸ್ಟೇಟಿಗೆ ಕೇಳುತ್ತದೆ.

ನೀನು ಬರೆದದ್ದನ್ನು ಮೂರು ಸಲ ಓದಿದೆ. ನಿಮ್ಮ ಕಾಲೇಜಿನ ಕನ್ನಡ ಮೇಷ್ಟ್ರು ಅಕ್ಟೋಬರ್ ಕೊನೆಗೆ ನಿವೃತ್ತರಾಗುತ್ತಾರೆ. ನವೆಂಬರ್ ನಾಲ್ಕರಿಂದ ನಾನು ಅವರ ಜಾಗಕ್ಕೆ ಬರಬೇಕು. ಹಾಸ್ಟೆಲಿನಲ್ಲಿ ಒಂದು ಕೋಣೆ, ಕಿಟಕಿಯಾಚೆ ನೇರಳೆ ಮರ. ಎಂ.ಎ. ಓದಿ ಇಪ್ಪತ್ತನಾಲ್ಕು ವರ್ಷವಾಗಿರುವ ನನ್ನನ್ನು ಯಾರಾದರೂ ಪಾಠ ಮಾಡಲು ಕರೆಯುತ್ತಾರೆಂದು ನಾನು ಎಣಿಸಿರಲಿಲ್ಲ. ಆ ಕಿಟಕಿಯನ್ನು ಎರಡು ದಿನದಿಂದ ಮನಸ್ಸಿನಲ್ಲೇ ತೆಗೆದು ಮುಚ್ಚುತ್ತಿದ್ದೇನೆ.

ಆದರೆ ಸೆಲಿನ್, ಹಣ್ಣು ನೆನೆಹಾಕಿ ಆಯಿತು.

ನಮ್ಮ ಮನೆಯ ಕ್ರಿಸ್‌ಮಸ್ ಬುಟ್ಟಿ ನಿನಗೆ ಗೊತ್ತು. ನಮ್ಮ ಯಜಮಾನರು ಯೋಗಾನಂದರ ತಾತ ಈ ತೋಟವನ್ನು ಒಬ್ಬ ಇಂಗ್ಲಿಷ್ ದೊರೆಯಿಂದ ಕೊಂಡಾಗ ಬಂಗಲೆಯ ಜೊತೆ ಅವನ ಪದ್ಧತಿಯೂ ಬಂತು: ಡಿಸೆಂಬರಿನಲ್ಲಿ ಸುತ್ತಲಿನ ತೋಟದವರಿಗೆಲ್ಲ ಒಂದೊಂದು ಬುಟ್ಟಿ ತಿಂಡಿ. ದೊರೆ ಹೋದ, ಬುಟ್ಟಿ ಉಳಿಯಿತು. ಹಣೆಗೆ ವಿಭೂತಿ ಹಚ್ಚಿಕೊಂಡೇ ನಾವು ಮೂವತ್ತು ಮನೆಗೆ ಕೇಕು ಕಳಿಸುತ್ತೇವೆ. ಮೊಟ್ಟೆಯಿಲ್ಲ, ರಮ್ಮಿಲ್ಲ. ದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆ ಎಲ್ಲ ಜೇನಿನಲ್ಲಿ ನೆನೆಯುತ್ತವೆ. ಆಗಸ್ಟ್ ಹದಿನೈದಕ್ಕೆ ಕಣದಲ್ಲಿ ಬಾವುಟ ಹಾರಿಸಿ, ಕೂಲಿಯವರ ಲೈನಿನ ಮಕ್ಕಳಿಗೆ ಮಿಠಾಯಿ ಹಂಚಿ, ಒಳಗೆ ಬಂದು ಜಾಡಿಗೆ ಹಣ್ಣು ಹಾಕುವುದು. ಅಲ್ಲಿಂದ ಡಿಸೆಂಬರ್ ಎರಡನೇ ವಾರದವರೆಗೆ ದಿನಾ ದೀಪ ಹಚ್ಚುವ ಹೊತ್ತಿಗೆ ಒಂದು ಸಲ ತಿರುವಬೇಕು. ಒಂದೇ ಕೈ ಆಡಬೇಕು. ಕೈ ಬದಲಾದರೆ ಹುಳಿ ಬರುತ್ತದೆ. ನಿನಗೆ ಗೊತ್ತಿರುವುದೇ.

ಹಾಗಾಗಿ ನಾಲ್ಕು ತಿಂಗಳು ನಾನು ಎಲ್ಲಿಗೂ ಹೋಗುವವಳಲ್ಲ. ಹೋದರೂ ದೀಪದ ಹೊತ್ತಿಗೆ ಮನೆಯಲ್ಲಿರಬೇಕು. ಮಗಳು ಸುಮನಾಳನ್ನು ಹಾಸನದ ಹಾಸ್ಟೆಲಿಗೆ ಬಿಡಲು ಹೋದವಳು ಮಂಚಕ್ಕೆ ಹಾಸಿಗೆ ಹಾಸಿಕೊಡುವಷ್ಟೂ ನಿಲ್ಲದೆ ಓಡಿಬಂದೆ. ಏನು ಕೇಳಿದರೂ ಯೋಗಾನಂದರದು ಒಂದೇ ಉತ್ತರ: "ಕ್ರಿಸ್‌ಮಸ್ ಆಗ್ಲಿ ಬಿಡು, ಲೀಲಾ." ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ ಹೇಳುತ್ತಾರೆ. ಕ್ರಿಸ್‌ಮಸ್ ಆದ ಮೇಲೆ ಕಾಫಿ ಕುಯ್ಲು, ಕುಯ್ಲಾದ ಮೇಲೆ ಮೆಣಸು, ಮೆಣಸಾದ ಮೇಲೆ ಮತ್ತೆ ಆಗಸ್ಟು.

ನಿನ್ನ ಪತ್ರ ಒಂದು ವಾರ ಮುಂಚೆ ಬಂದಿದ್ದರೆ ಎಂದು ಬರೆದು, ಹೊಡೆದುಹಾಕಿದ್ದೇನೆ. ಅದು ನಿಜವೋ ಅಲ್ಲವೋ ತಿಳಿಯದು.

ನಿನ್ನ
ಲೀಲಾ


ಚಿಕ್ಕಮಗಳೂರು
2 ಸೆಪ್ಟೆಂಬರ್ 2024

ಲೀಲಾ,

"ನಿನಗೆ ಗೊತ್ತಿರುವುದೇ" ಎಂದಿದ್ದೀಯ. ನನಗೆ ಗೊತ್ತಿಲ್ಲ.

ಯಾರ ನಿಯಮ ಇದು? ಹಾನುಬಾಳಿನ ನಮ್ಮ ಮನೆಯಲ್ಲಿ ಅಮ್ಮ ಜಾಡಿಯನ್ನು ಬಾಗಿಲ ಪಕ್ಕದಲ್ಲೇ ಇಡುತ್ತಿದ್ದಳು. ಬಂದವರೆಲ್ಲ ಒಂದು ಸುತ್ತು ತಿರುವಬೇಕಿತ್ತು. ಪೋಸ್ಟ್‌ಮ್ಯಾನ್ ತಿರುವಿದ್ದಾನೆ, ಜೀಪಿನ ಡ್ರೈವರ್ ತಿರುವಿದ್ದಾನೆ, ಶನಿವಾರ ಮಧ್ಯಾಹ್ನ ಸ್ಕೂಲಿನ ಚೀಲ ಎಸೆದು ನೀನೂ ತಿರುವಿದ್ದೀಯ. ಕದ್ದು ದ್ರಾಕ್ಷಿ ತಿಂದು ಸಿಕ್ಕಿಬಿದ್ದಾಗ ಅಮ್ಮ, "ತಿನ್ನು ಬಾಯೆ, ತಿಂದಷ್ಟೂ ನಾನೇ ಹಾಕ್ತೇನೆ" ಎಂದದ್ದು ಮರೆತೆಯಾ?

ಪ್ರತಿವರ್ಷ ನಿನ್ನ ಬುಟ್ಟಿಯ ಚೀಟಿಯಲ್ಲಿ "ಒಂದೇ ಕೈಯಲ್ಲಿ ತಯಾರಾದದ್ದು" ಎಂದಿರುತ್ತದೆ. ಜಂಬ ಕೊಚ್ಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ.

ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಬರೆಯಲಾರೆ. ಐದು ವರ್ಷದ ಹಿಂದೆ ನವೆಂಬರಿನಲ್ಲಿ ಅಮ್ಮ ತೀರಿಕೊಂಡಾಗ ನೀನು ಬರಲಿಲ್ಲ. ನಾಲ್ಕು ಗಂಟೆಗೆ ಇಲ್ಲಿ ಚಿಕ್ಕಮಗಳೂರಿನಲ್ಲಿ ಮಣ್ಣು. ಸಂಜೆಯೊಳಗೆ ಹಿಂದಿರುಗಲು ಆಗುವುದಿಲ್ಲ, ಜಾಡಿ ಇದೆ ಎಂದೆ ಫೋನಿನಲ್ಲಿ. ನಾನು ಫೋನಿಟ್ಟೆ. ಅಮ್ಮ ಕಲಿಸಿದ ಕೇಕಿಗಾಗಿ ನೀನು ಅಮ್ಮನ ಮುಖ ನೋಡಲಿಲ್ಲ. ಆ ಡಿಸೆಂಬರಿನ ನಿನ್ನ ಬುಟ್ಟಿಯನ್ನು ಬಿಚ್ಚದೆ ಹಾಸ್ಟೆಲ್ ಹುಡುಗಿಯರಿಗೆ ಕೊಟ್ಟುಬಿಟ್ಟೆ.

ಜಾಗ ಖಾಲಿ ಇಟ್ಟಿದ್ದೇನೆ. ನವೆಂಬರ್ ನಾಲ್ಕು.

ಸೆಲಿನ್


ಹೆತ್ತೂರು
29 ಸೆಪ್ಟೆಂಬರ್ 2024

ಸೆಲಿನ್,

ಉತ್ತರ ತಡವಾಯಿತು. ಬರೆಯಲು ಕೂತಾಗಲೆಲ್ಲ ನಿನ್ನ ಅಮ್ಮನೇ ಎದುರಿಗೆ ಬಂದು ಕೂರುತ್ತಿದ್ದಳು.

ಯಾರ ನಿಯಮ ಎಂದು ಕೇಳಿದೆ. ನನ್ನದು. ಸುಳ್ಳು.

ಮದುವೆಯಾಗಿ ಬಂದ ಮರುವರ್ಷದ ಮಾತು. ಅತ್ತೆಯ ಅಡಿಗೆಮನೆಯಲ್ಲಿ ಉಪ್ಪಿನ ಮರಿಗೆ ಎಲ್ಲಿರಬೇಕೆಂಬುದರಿಂದ ಹಿಡಿದು ಎಲ್ಲವೂ ಅವರದೇ ಅಳತೆ. ಮನೆ ತುಂಬ ಜನ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ನಾನು ಯಾರದಾದರೂ ಕಣ್ಣೆದುರಿಗೇ ಇರುತ್ತಿದ್ದೆ. ಹಳೇ ಅಡಿಗೆಯವ ತೀರಿಕೊಂಡು ಆ ವರ್ಷ ಕೇಕು ಮಾಡುವವರಿರಲಿಲ್ಲ. ನನಗೆ ಬರುತ್ತದೆ ಎಂದೆ. ಉಗ್ರಾಣದಲ್ಲಿ ಜಾಡಿ ಇಟ್ಟ ದಿನ ಅತ್ತೆ ಸೌಟಿಗೆ ಕೈ ಚಾಚಿದರು. ನನ್ನ ಬಾಯಿಂದ ಹೇಗೆ ಬಂತೋ: "ಬೇಡ ಅತ್ತೆ, ಇದಕ್ಕೆ ಒಂದೇ ಕೈ ಆಡಬೇಕಂತೆ. ದೀಪ ಹಚ್ಚುವ ಹೊತ್ತಿಗೆ, ಬಾಗಿಲು ಹಾಕಿಕೊಂಡು. ಫಿಲೊಬಾಯಿ ಹೇಳಿದ್ದಾರೆ."

ನಿನ್ನ ಅಮ್ಮನ ಹೆಸರನ್ನು ಹಾಗೆ ಬಳಸಿದೆ.

ಅತ್ತೆಯ ಮಾವಿನಮಿಡಿ ಉಪ್ಪಿನಕಾಯಿಗೂ ಅದೇ ಕಟ್ಟು. ಹಾಕಿದ ಕೈಯೇ ಕಡೆತನಕ ಮುಟ್ಟಬೇಕು. ಹಾಗಾಗಿ ಮರುಮಾತಿಲ್ಲದೆ ಕೈ ಹಿಂದಕ್ಕೆ ತೆಗೆದುಕೊಂಡರು. ನನಗೆ ದಿನಕ್ಕೆ ಹತ್ತು ನಿಮಿಷ ಸಿಕ್ಕಿತು. ಬಾಗಿಲು ಹಾಕಿ, ಎರಡು ನಿಮಿಷ ಹಣ್ಣು ತಿರುವಿ, ಉಳಿದ ಎಂಟು ನಿಮಿಷ ಅಕ್ಕಿ ಚೀಲದ ಮೇಲೆ ಕೂತು ಕವಿತೆ ಓದುತ್ತಿದ್ದೆ. ಗೂಡಿನಲ್ಲಿ ಜಾಡಿಯ ಹಿಂದೆ ಇನ್ನೂ ಅದೇ ಪುಸ್ತಕವಿದೆ. ಪುಟಗಳಿಗೆ ಲವಂಗದ ವಾಸನೆ ಹತ್ತಿದೆ. ಆ ಮನೆಯಲ್ಲಿ ಅದೊಂದು ಬಾಗಿಲು ಮಾತ್ರ ನಾನು ಹಾಕಿಕೊಂಡದ್ದು.

ಹೊರಗಿನಿಂದ ಅದಕ್ಕೆ ಚಿಲಕ ಬಿದ್ದದ್ದು ತಿಳಿಯಲೇ ಇಲ್ಲ. ಅತ್ತೆ ಬಂದವರಿಗೆಲ್ಲ, "ನಮ್ಮ ಸೊಸೆ ಕೈ ಬಿಟ್ರೆ ಇನ್ನೊಂದು ಕೈ ತಾಗಂಗಿಲ್ಲ ಕಣ್ರೀ" ಎಂದು ಹೇಳತೊಡಗಿದರು. ಯೋಗಾನಂದರು ಚೀಟಿ ಅಚ್ಚು ಹಾಕಿಸಿದರು. ಎಲ್ಲರ ಬಾಯಲ್ಲೂ ಅದು ಕೊಂಡಾಡುವ ಮಾತಾಯಿತು. ಸುಳ್ಳೆಂದು ಹೇಗೆ ಹೇಳಲಿ? ಅಡಿಗೆಮನೆಗೆ ಬರುವ ಮಾದಮ್ಮ ನಿನ್ನೆ ಪಾತ್ರೆ ಉಜ್ಜುತ್ತಾ, "ಅಮ್ಮಾರೇ, ನೀವು ಜಾಡಿ ಕಾಯ್ತಿದ್ದೀರೋ, ಜಾಡಿ ನಿಮ್ಮನ್ನ ಕಾಯ್ತೈತೋ?" ಎಂದು ನಕ್ಕಳು. ನಾನೂ ನಕ್ಕೆ.

ನಿನ್ನ ಅಮ್ಮ ತೀರಿಕೊಂಡ ಸಂಜೆಯೂ ತಿರುವಿದೆ. ಎಂಟು ನಿಮಿಷ ಪುಸ್ತಕ ತೆಗೆಯಲಿಲ್ಲ. ಅದಕ್ಕಿಂತ ಹೆಚ್ಚು ಹೇಳಿಕೊಳ್ಳಲು ನನಗೆ ಮುಖವಿಲ್ಲ.

ಲೀಲಾ


ಚಿಕ್ಕಮಗಳೂರು
10 ಅಕ್ಟೋಬರ್ 2024

ಲೀಲಾ,

ಓದಿದೆ. ಮೊದಲು ಸಿಟ್ಟು ಬಂತು. ಆಮೇಲೆ ಅಕ್ಕಿ ಚೀಲದ ಮೇಲೆ ಕೂತ ನೀನು ಕಂಡೆ.

ಅಮ್ಮನಿಗೆ ಗೊತ್ತಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾನು ಅಷ್ಟು ದೊಡ್ಡ ಮನುಷ್ಯಳಲ್ಲ, ನನಗೆ ಸ್ವಲ್ಪ ಸಮಯ ಬೇಕು.

ಅತ್ತೆಗೆ ಹೇಳು. ಒಂದು ವಾಕ್ಯ ಸಾಕು. ದೀಪಾವಳಿ ಕಳೆದ ಸೋಮವಾರವೇ ನಾಲ್ಕನೇ ತಾರೀಖು. ಆಡಳಿತ ಮಂಡಳಿಯವರು ಒಂದು ವಾರಕ್ಕಿಂತ ಹೆಚ್ಚು ಕಾಯುವುದಿಲ್ಲ.

ಸೆಲಿನ್


ಹೆತ್ತೂರು
6 ನವೆಂಬರ್ 2024

ಪ್ರೀತಿಯ ಸೆಲಿನ್,

ನಾಲ್ಕನೇ ತಾರೀಖು ಕಳೆಯಿತು. ನಾನು ಇಲ್ಲೇ ಇದ್ದೇನೆ.

ಹೇಳಲು ಹೊರಟೆ. ಹಬ್ಬದ ಮರುದಿನ ಮಧ್ಯಾಹ್ನ, ಹಿಂದಿನ ಜಗಲಿಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ. ಯೋಗಾನಂದರು ಸಕಲೇಶಪುರದಿಂದ ಹೊಸ ಚೀಟಿ ತಂದಿದ್ದರು. ಹಸಿರು ಕಾಗದ, ಬಂಗಾರದ ಅಕ್ಷರ: "ಇಪ್ಪತ್ತನಾಲ್ಕು ವರ್ಷ, ಒಂದೇ ಕೈ." ಕೆಳಗೆ ನನ್ನ ಹೆಸರು. ಇದುವರೆಗೆ ಅತ್ತೆಯ ಹೆಸರೋ ತೋಟದ ಹೆಸರೋ ಇರುತ್ತಿತ್ತು. "ನಿಂಗೆ ಸರ್‌ಪ್ರೈಸ್" ಎಂದು ಮಕ್ಕಳ ಹಾಗೆ ನಕ್ಕು ಕಣಕ್ಕೆ ಹೋದರು.

ಅತ್ತೆ ಆ ಚೀಟಿಗಳಿಗೆ ದಾರ ಪೋಣಿಸುತ್ತಿದ್ದರು. ಸೂಜಿಯ ಕಣ್ಣು ಕಾಣದೆ ನನ್ನ ಕಡೆ ಚಾಚಿದರು. ಪೋಣಿಸಿಕೊಟ್ಟೆ. "ಅತ್ತೆ" ಎಂದೆ.

"ಏನವ್ವ?"

ಅವರು ತಲೆ ಎತ್ತಿ ನೋಡುತ್ತಲೇ ಇದ್ದರು. ಬಹಳ ಹೊತ್ತು ಕಾದರು ಎಂದು ಈಗ ಅನ್ನಿಸುತ್ತದೆ.

"ದಾರ ಸಾಲಲ್ಲ" ಎಂದೆ.

"ಸಾಲದಿದ್ರೆ ತರ್ಸಾಣ" ಎಂದರು.

ಇಷ್ಟೇ ನಡೆದದ್ದು. ಆ ಸಂಜೆ ಜಾಡಿಯ ಮುಂದೆ ಕೂತು ನೇರಳೆ ಮರದ ಬಗ್ಗೆ ಯೋಚಿಸಿದೆ. ನಾನು ನೋಡದ ಆ ಮರದ ಎಲೆಗಳು ನನಗೆ ಒಂದೊಂದಾಗಿ ಗೊತ್ತು.

ನಿನ್ನ
ಲೀಲಾ


ಚಿಕ್ಕಮಗಳೂರು
13 ನವೆಂಬರ್ 2024

ಲೀಲಾ,

ನಿನ್ನೆ ಬೇರೆಯವರನ್ನು ತೆಗೆದುಕೊಂಡೆವು. ಕಡೂರಿನ ಹುಡುಗಿ, ಚೆನ್ನಾಗಿ ಪಾಠ ಮಾಡುತ್ತಾಳೆ. ಮಾರ್ಚ್ ಕೊನೆಯವರೆಗೆ.

ನಿನ್ನ ಕೋಣೆಯಲ್ಲೇ ಇದ್ದಾಳೆ. ನಿನ್ನ ಕೋಣೆ ಎಂದು ಬರೆದುಬಿಟ್ಟೆ. ಇರಲಿ.

ಸೆಲಿನ್


ಹೆತ್ತೂರು
8 ಡಿಸೆಂಬರ್ 2024

ಪ್ರೀತಿಯ ಸೆಲಿನ್,

ನಿನ್ನ ಪತ್ರಕ್ಕೆ ಉತ್ತರ ಬರೆಯಬೇಕಿರಲಿಲ್ಲ. ಆದರೆ ಒಂದು ವಿಷಯ ನಡೆದಿದೆ. ನಿನಗಲ್ಲದೆ ಇನ್ನಾರಿಗೂ ಹೇಳಲಾರೆ.

ಕಳೆದ ಮಂಗಳವಾರ ಬುಟ್ಟಿಗೆ ಹಾಸುವ ಕಾಗದ ತರಲು ಹಾನುಬಾಳಿಗೆ ಹೋಗಿದ್ದೆ. ಅಲ್ಲಿಂದ ಮೂರೂವರೆಗೇ ಹೊರಟೆವು. ದಾರಿಯಲ್ಲಿ ಆನೆಗಳು. ಒಂದಲ್ಲ, ಹನ್ನೊಂದು, ಮರಿಗಳ ಸಮೇತ. ಅರಣ್ಯದವರು ಜೀಪುಗಳನ್ನೆಲ್ಲ ನಿಲ್ಲಿಸಿದರು. ಹೊತ್ತು ಇಳಿಯುತ್ತಾ ಬಂತು. ನಾನು ಗಡಿಯಾರ ನೋಡುತ್ತಿದ್ದದ್ದು ಕಂಡು ಡ್ರೈವರ್ ಧರ್ಮ, "ಅಕ್ಕಾ, ಆನೆಗೆ ಹೇಳಿ ಬರ್ಲಾ, ನಮ್ಮಕ್ಕಂದು ಕೇಕ್ ಕೆಡ್ತೈತೆ, ದಾರಿ ಬಿಡಪ್ಪ ಅಂತ?" ಎಂದ. ಜೀಪಿನವರೆಲ್ಲ ನಕ್ಕರು. ನನಗೆ ಅಳು ಬಂತು. ಇಪ್ಪತ್ತನಾಲ್ಕು ವರ್ಷದಲ್ಲಿ ಆಸ್ಪತ್ರೆಯ ದಿನಗಳನ್ನು ಬಿಟ್ಟರೆ ದೀಪದ ಹೊತ್ತು ತಪ್ಪಿದ್ದು ಅದೇ ಮೊದಲು. ಸುಳ್ಳೆಂದು ನನಗೇ ಗೊತ್ತಿದ್ದ ನಿಯಮಕ್ಕೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅದು ನನಗೆ ಹೆದರಿಕೆ ಹುಟ್ಟಿಸಿತು.

ಮನೆ ಮುಟ್ಟಿದಾಗ ಏಳು ದಾಟಿತ್ತು. ಚಪ್ಪಲಿ ಬಿಟ್ಟು ನೇರ ಉಗ್ರಾಣಕ್ಕೆ ಓಡಿದೆ. ಬಾಗಿಲು ಮುಚ್ಚಿತ್ತು. ತಳ್ಳಿದೆ.

ಅತ್ತೆ ಜಾಡಿಯ ಮುಂದೆ ಕೂತಿದ್ದರು. ಕೈಯಲ್ಲಿ ನನ್ನ ಮರದ ಸೌಟು. ಆಗ ತಾನೆ ಪೂಜೆ ಮುಗಿಸಿ ಬಂದವರ ಹಣೆಯ ವಿಭೂತಿ ಇನ್ನೂ ಹಸಿ. ನನ್ನನ್ನು ಕಂಡು ಬೆಚ್ಚಲೂ ಇಲ್ಲ. ತಿರುವುತ್ತಲೇ, "ಬಂದ್ಯಾ? ಆನೆ ಹೋದ್ವಾ?" ಎಂದರು.

"ಅತ್ತೆ, ಒಂದೇ ಕೈ..." ಎಂದೆ. ನೋಡು ಸೆಲಿನ್, ಆಗಲೂ ನನ್ನ ಬಾಯಿಂದ ಬಂದದ್ದು ಅದೇ.

"ನೀನು ಟೈಫಾಯ್ಡ್ ಆಗಿ ಹದಿನಾಲ್ಕು ದಿನ ಹಾಸ್ನದ ಆಸ್ಪತ್ರೇಲಿ ಮಲ್ಗಿದ್ಯಲ್ಲ, ಆವಾಗ ಯಾರು ತಿರುವಿದ್ದು ಅಂದ್ಕಂಡಿದ್ದೆ? ಹಣ್ಣು ತಾನಾಗೇ ಮಗ್ಗಲು ಬದ್ಲಾಯಿಸ್ತಾ?"

ಆ ವರ್ಷ ಜಾಡಿ ಮುಚ್ಚಿದಂತೆಯೇ ನನಗಾಗಿ ಕಾದಿತ್ತು ಎಂದು ನಂಬಿದ್ದೆ. ಯಾರನ್ನೂ ಕೇಳಿರಲಿಲ್ಲ.

"ಹುಳೀನೂ ಬರ್ಲಿಲ್ಲ, ಏನೂ ಬರ್ಲಿಲ್ಲ. ಆವತ್ತೇ ಗೊತ್ತಾಯ್ತು ನಂಗೆ. ಪುಸ್ತಕಾನೂ ಕಂಡೆ."

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?"

ಸೌಟನ್ನು ಜಾಡಿಯ ಬಾಯಿಗೆ ತಟ್ಟಿ, ಜೇನು ಇಳಿಯುವವರೆಗೆ ಹಿಡಿದರು. "ನಾನು ಈ ಮನೆಗೆ ಬಂದಾಗ ಹತ್ತೊಂಬತ್ತು ಜನಕ್ಕೆ ರೊಟ್ಟಿ ತಟ್ಟೋಳು. ಒಬ್ಳೇ ಕೂರೋಕೆ ಒಂದು ಮೂಲೆ ಇರ್ಲಿಲ್ಲ. ನಿಂಗಾದ್ರೂ ಇರ್ಲಿ ಅಂತ ಬಾಯ್ಮುಚ್ಕಂಡಿದ್ದೆ."

"ನಾನು ಎಲ್ಲಿಗೂ ಹೋಗೋಕೆ ಆಗ್ಲಿಲ್ಲವಲ್ಲ ಅತ್ತೆ."

"ಹೋಗ್ಬೇಕು ಅಂತ ಯಾವತ್ತು ಬಾಯ್ಬಿಟ್ಟೆ? ಎಲ್ಗಾರೂ ಕರೆದ್ರೆ ಜಾಡಿ ಐತೆ ಅಂತ ನೀನೇ ಅಂದೆ. ಹೋಗೋಕೆ ಇಷ್ಟ ಇಲ್ದೆ ನೆವ ಹೇಳ್ತಾಳೆ ಅಂದ್ಕಂಡೆ. ನಂಗೂ ನೀನು ಮನೇಲಿದ್ರೆ ಅನುಕೂಲವೇ. ಸುಳ್ಳು ಯಾಕೆ ಹೇಳ್ಲಿ?"

ಆಮೇಲೆ ಮಂಡಿ ಹಿಡಿದು ಎದ್ದು, ಸೌಟು ನನ್ನ ಕೈಗಿಟ್ಟು ಹೋದರು. ಬಾಗಿಲನ್ನು ತಾವೇ ಹೊರಗಿನಿಂದ ಮೆಲ್ಲಗೆ ಮುಂದಕ್ಕೆಳೆದುಕೊಂಡರು.

ನಾನು ಅಕ್ಕಿ ಚೀಲದ ಮೇಲೆ ಕೂತೆ. ಇಷ್ಟು ವರ್ಷ ಚಿಲಕ ಯಾರು ಹಾಕಿದ್ದಾರೆ ಎಂದು ಹೊರಗೆ ಹುಡುಕುತ್ತಿದ್ದೆ. ಹಾಕಿದವರು ಯಾರೂ ಇಲ್ಲವೆಂದು ತಿಳಿದಾಗ ಬಿಡುಗಡೆ ಅನ್ನಿಸಬೇಕಿತ್ತಲ್ಲವೇ? ಅನ್ನಿಸಲಿಲ್ಲ. ದೂರಲು ಒಬ್ಬರಿದ್ದರೆ ಎಷ್ಟು ಹಗುರ.

ಇವತ್ತು ಕೇಕಿನ ಕೆಲಸ ಶುರುವಾಯಿತು. ದೊರೆ ಕಟ್ಟಿಸಿದ ಇಟ್ಟಿಗೆ ಒಲೆಗೆ ಬೆಳಿಗ್ಗೆಯೇ ಕಾಫಿ ಬೊಡ್ಡೆಯ ಬೆಂಕಿ ಹಾಕಿದ್ದಾರೆ. ಚಕ್ಕುಲಿ, ಕೋಡುಬಳೆ ಡಬ್ಬಕ್ಕೆ ಬಿದ್ದಿವೆ. ಮಾದಮ್ಮ ಬಿದಿರು ಬುಟ್ಟಿಗಳನ್ನು ಒರೆಸಿ ಬಿಸಿಲಿಗೆ ಇಟ್ಟಿದ್ದಾಳೆ. ಇಡೀ ಮನೆ ಏಲಕ್ಕಿ ಲವಂಗದ ಘಮದಲ್ಲಿದೆ. ಹೊರಗಿನವರು ನೋಡಿದರೆ ಹಬ್ಬದ ಮನೆ ಎನ್ನಬೇಕು.

ನಿನ್ನ ಬುಟ್ಟಿಯನ್ನು ಈ ಸಲ ಚೀಟಿಯಿಲ್ಲದೆ ಕಳಿಸುತ್ತೇನೆ. ಬಿಚ್ಚು ಎಂದು ಕೇಳುವ ಹಕ್ಕು ನನಗಿಲ್ಲ.

ಲೀಲಾ


ಚಿಕ್ಕಮಗಳೂರು
27 ಡಿಸೆಂಬರ್ 2024

ಲೀಲಾ,

ಬಿಚ್ಚಿದೆ. ಕೇಕನ್ನು ಅಮ್ಮನ ಫೋಟೋದ ಮುಂದೆ ಇಟ್ಟು, ಆಮೇಲೆ ತಿಂದೆ. ಎರಡು ಕೈ ಆಡಿದ ಕೇಕಿಗೂ ಮೊದಲಿನದಕ್ಕೂ ವ್ಯತ್ಯಾಸ ಹುಡುಕಿದೆ, ಸಿಗಲಿಲ್ಲ. ರಮ್ಮಿಲ್ಲದ್ದು ಮಾತ್ರ ತಿಳಿಯುತ್ತದೆ. ಅಮ್ಮ ಇದ್ದಿದ್ದರೆ, "ಜೇನು ಪರವಾಗಿಲ್ಲ, ಆದರೆ ಪಾಪ" ಎನ್ನುತ್ತಿದ್ದಳು.

ಕಡೂರಿನ ಹುಡುಗಿಗೆ ಮಾರ್ಚಿನಲ್ಲಿ ಮದುವೆ. ಜೂನ್ ಎರಡರಿಂದ ಜಾಗ ಮತ್ತೆ ಖಾಲಿ. ಅರ್ಜಿ ಇದರೊಳಗಿದೆ. ಕರೆಯುವುದು ಇದೇ ಕೊನೆ, ಲೀಲಾ. ಬೆದರಿಕೆಯಲ್ಲ. ನನಗೂ ಆಸೆಪಟ್ಟು ಕಾಯುವುದು ಸಾಕಾಗಿದೆ.

ಈ ಸಲ ಯಾರನ್ನೂ ಒಪ್ಪಿಸಬೇಕಾಗಿಲ್ಲ. ಹೋಗುತ್ತೇನೆ ಎಂದು ಹೇಳಬೇಕಷ್ಟೆ.

ನಿನ್ನ
ಸೆಲಿನ್


ಹೆತ್ತೂರು
17-8-2025

ಶಿವಲೀಲಾಗೆ ನಿಮ್ಮತ್ತೆ ಪಾರ್ವತಮ್ಮ ಬರೆಸಿದ್ದಲ್ಲ, ತಾನೇ ಕೂತು ಬರೆದದ್ದು. ತಪ್ಪಿದ್ರೆ ಮೇಡಮ್ಮೋರು ಕೆಂಪು ಇಂಕಲ್ಲಿ ತಿದ್ಕಳಿ.

ನಾವೆಲ್ಲ ಚೆನ್ನಾಗಿದೀವಿ. ಯೋಗಾನಂದ ಹೋದ ಭಾನುವಾರ ನಿನ್ನ ನೋಡ್ಕಂಡು ಬಂದ್ಮೇಲೆ ನೇರಳೆ ಮರ, ನೇರಳೆ ಮರ ಅಂತಾನೆ. ನಮ್ಮ ತೋಟದಲ್ಲಿ ನೇರಳೆ ಮರ ಇಲ್ವಾ? ನಾಕು ಅವೆ. ಒಂದಿನಾನೂ ತಲೆ ಎತ್ತಿ ನೋಡ್ದೋನಲ್ಲ. ಸಾರು ಮಾಡೋದು ಕಲೀತಾವ್ನೆ. ಉಪ್ಪು ಎರಡು ಸಲ ಹಾಕ್ಬುಟ್ಟ ಮೊನ್ನೆ. ಮಾದಮ್ಮ ಬಿದ್ದು ಬಿದ್ದು ನಕ್ಳು.

ಹದಿನೈದ್ನೇ ತಾರೀಕು ಬಾವುಟ ಹಾರ್ಸಿ ಹಣ್ಣು ನೆನೆಹಾಕಿದೆ. ದಿನಾ ನಾನೇ ತಿರುವ್ತೀನಿ. ಹೆಂಗೆ ಅಂತ ಕೇಳೋಕೆ ಬರೀತಿಲ್ಲ, ನಿನಗಿಂತ ಚೆನ್ನಾಗಿ ಬತ್ತದೆ ನಂಗೆ.

ಮಗ್ಗೆಯಿಂದ ನನ್ನ ತಂಗಿ ಪಂಕಜಾಕ್ಷಿ ಫೋನ್ ಮಾಡಿದ್ಲು. ಮೊಮ್ಮಗಳ ನಾಮಕರಣ, ಎಂಟು ದಿನ ಇರಂಗೆ ಬಾ ಅಂದ್ಲು. ಅವಳ ಮನೇಲಿ ಎಂಟು ದಿನ ಇದ್ರೆ ಏಳು ದಿನ ಅವಳ ಬೀಗ್ತಿ ಕತೆ ಕೇಳ್ಬೇಕು. ಜಾಡಿ ಐತೆ ಕಣೆ, ಒಂದೇ ಕೈ, ಬರಂಗಿಲ್ಲ ಅಂದೆ. ಒಂದು ಮಾತೂ ಎದುರಾಡ್ಲಿಲ್ಲ. ಎಂಥ ನೆವ ಮಾಡಿಟ್ಟಿದ್ದೆ ಮಾರಾಯ್ತಿ ನೀನು!

ನೀನು ರಜಕ್ಕೆ ಬಂದಾಗ ಜಾಡಿ ಮುಟ್ಬೇಡ, ಈಗಲೇ ಹೇಳಿರ್ತೀನಿ.

ದೀಪ ಹಚ್ಚಿ ಉಗ್ರಾಣದ ಬಾಗಿಲು ಹಾಕ್ಕಂತೀನಿ. ನಿನ್ನ ಪುಸ್ತಕ ಗೂಡಲ್ಲೇ ಬಿಟ್ಟು ಹೋಗಿದ್ದೀಯ. ಮರೆತೋ, ಬೇಕಂತ್ಲೋ ಗೊತ್ತಿಲ್ಲ. ಆ ಸಣ್ಣಕ್ಷರ ಓದೋಕೆ ಕಣ್ಣು ಕಾಣ್ಸಲ್ಲ. ತೊಡೆ ಮೇಲೆ ಇಟ್ಕಂಡು ಅಕ್ಕಿ ಚೀಲದ ಮೇಲೆ ಸುಮ್ನೆ ಕೂತಿರ್ತೀನಿ. ಯೋಗಾನಂದ ಹೊರಗಿಂದ ಅಮ್ಮ, ಅಮ್ಮ ಅಂತ ಕೂಗ್ತಾನೆ.

ನಾನು ಓ ಅನ್ನಲ್ಲ.

ಪಾರ್ವತಮ್ಮ